ಒಂದು ಚಕ್ರ ಎತ್ತಿ ಗೇರ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಹನ ಪುಟದಲ್ಲಿ ಹಳೆ ಕಾರುಗಳ ಆರೈಕೆ ಬಗ್ಗೆ ಬಂದ ಲೇಖನ ಓದಿದೆ. ಕೂಲಂಟ್, ಬೆಲ್ಟು, ಬ್ರೇಕ್ ಹೋಸ್ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಆದರೆ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರಗಳಿಗೆ ಬಲ ಕೊಡುವ ಅಚ್ಚಿನ ಬಗ್ಗೆ ಇದ್ದದ್ದು ಒಂದೇ ಸಾಲು. 90 ನಂಬರ್ ಗೇರ್ ಆಯಿಲ್ ಹಾಕಿದರೆ ಸಾಕು, ಆಮೇಲೆ ಅದರ ತಂಟೆಗೆ ಹೋಗುವುದೇ ಬೇಡ ಅನ್ನುವ ಅರ್ಥದಲ್ಲಿ. ಇದನ್ನು ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಹಿಂದಿನ ಆಕ್ಸಲ್ ಒಳಗೆ ಏನಿದೆ ಅಂತ ತಿಳಿಯದೆ ಕೆಲಸ ಮಾಡಲು ಹೋಗಿ, 2023ರಲ್ಲಿ ನನ್ನ ಗಾಡಿ ಒಬ್ಬ ಹುಡುಗನ ಮೇಲೆ ಬೀಳುವುದು ಸ್ವಲ್ಪದರಲ್ಲೇ ತಪ್ಪಿತು. ಆ ಹುಡುಗನಿಗೆ ಹತ್ತೊಂಬತ್ತು ವರ್ಷ.

ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್. 2012ರಲ್ಲಿ, ಮೊದಲು ರ‍್ಯಾಲಿ ಓಡಿಸುತ್ತಿದ್ದವರೊಬ್ಬರಿಂದ ತೆಗೆದುಕೊಂಡೆ. ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ತೋಟ ಇದೆ. ಟಾರ್ ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರ್ ಕೆಂಪು ಮಣ್ಣಿನ ಏರು. ಜುಲೈ ತಿಂಗಳಲ್ಲಿ ಅಲ್ಲಿ ನಡೆದುಕೊಂಡು ಹೋದರೂ ಕಾಲು ಜಾರುತ್ತದೆ. ಮಾರುವಾಗಲೇ ಅವರು "ಸಾರ್, ಹಿಂದೆ ಎಲ್‌ಎಸ್‌ಡಿ ಹಾಕಿಸಿದ್ದೀನಿ, ನೆನಪಿಟ್ಕೊಳ್ಳಿ" ಅಂದಿದ್ದರು. ನಾನು ಖುಷಿಪಟ್ಟೆ, ಅಷ್ಟೇ. ಎಲ್ಲೂ ಬರೆದಿಡಲಿಲ್ಲ. ಮೆಕ್ಯಾನಿಕ್‌ಗೂ ಹೇಳಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಮೂಲ ಇದೇ.

ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಮೊದಲು ಮಾಮೂಲಿ ಡಿಫರೆನ್ಷಿಯಲ್ ಯಾಕೆ ಇದೆ ಅಂತ ಹೇಳಬೇಕು. ಗಾಡಿ ತಿರುಗುವಾಗ ಹೊರಗಡೆಯ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಡೆಯದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಟೈರ್ ಉಜ್ಜಿಕೊಂಡು ಹೋಗುತ್ತದೆ. ಅದಕ್ಕೆ ನಡುವೆ ಹಲ್ಲುಚಕ್ರಗಳನ್ನು ಇಟ್ಟು ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತುವ ಹಾಗೆ ಮಾಡಿದರು. ಈ ಉಪಾಯ ಪೆಟ್ರೋಲ್ ಕಾರಿಗಿಂತ ಹಳೆಯದು, 1820ರ ದಶಕದಲ್ಲೇ ಫ್ರಾನ್ಸಿನಲ್ಲಿ ಹಬೆ ಗಾಡಿಗೆ ಮಾಡಿದ್ದರು. ಆದರೆ ಇದರಲ್ಲಿ ಒಂದು ತೊಂದರೆ ಇದೆ. ಎತ್ತಿನ ಗಾಡಿಯ ನೊಗ ನೆನಪಿಸಿಕೊಳ್ಳಿ. ಒಂದು ಎತ್ತು ಎಳೆಯದೆ ನಿಂತರೆ, ಇನ್ನೊಂದು ಎಷ್ಟೇ ಜಗ್ಗಿದರೂ ನೊಗ ಓರೆಯಾಗುತ್ತದೆಯೇ ಹೊರತು ಗಾಡಿ ಮುಂದಕ್ಕೆ ಬರುವುದಿಲ್ಲ. ಡಿಫರೆನ್ಷಿಯಲ್ ಕೂಡ ಹಾಗೇ. ಎರಡೂ ಚಕ್ರಕ್ಕೆ ಸಮನಾಗಿ ಬಲ ಹಂಚುತ್ತದೆ. ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗುತ್ತಿದ್ದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಕಡಿಮೆ ಬಲ ಸಿಗುತ್ತದೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಎಲ್‌ಎಸ್‌ಡಿ ಇದಕ್ಕೆ ತಡೆ ಹಾಕುತ್ತದೆ. ಹಲವು ಮಾದರಿಗಳಿವೆ. ನನ್ನ ಗಾಡಿಯಲ್ಲಿರುವುದು ಕ್ಲಚ್ ಪ್ಲೇಟ್ ಮಾದರಿ. ಸ್ಕೂಟರ್ ಕ್ಲಚ್ ಬಿಚ್ಚಿ ನೋಡಿದವರಿಗೆ ಗೊತ್ತಾಗುತ್ತದೆ, ಹಾಗೆಯೇ ಒಂದರ ಮೇಲೊಂದು ತೆಳುವಾದ ಉಕ್ಕಿನ ಪ್ಲೇಟು, ಫ್ರಿಕ್ಷನ್ ಪ್ಲೇಟು, ಮತ್ತೆ ಉಕ್ಕು, ಮತ್ತೆ ಫ್ರಿಕ್ಷನ್. ಸ್ಪ್ರಿಂಗ್ ಇವನ್ನು ಒತ್ತಿ ಹಿಡಿದಿರುತ್ತದೆ. ಒಂದು ಚಕ್ರ ಸುಮ್ನೆ ಓಡಲು ಹೊರಟರೆ ಈ ಪ್ಲೇಟುಗಳ ಉಜ್ಜಾಟ ಅದನ್ನು ಹಿಡಿದು ಇನ್ನೊಂದು ಚಕ್ರಕ್ಕೂ ಬಲ ಕೊಡುತ್ತದೆ. 1930ರ ದಶಕದಲ್ಲಿ ಜರ್ಮನಿಯ ಆಟೋ ಯೂನಿಯನ್ ರೇಸ್ ಕಾರುಗಳಿಗೆ ಜೆಡ್‌ಎಫ್ ಕಂಪನಿ ಬೇರೆ ಮಾದರಿಯ ಎಲ್‌ಎಸ್‌ಡಿ ಮಾಡಿಕೊಟ್ಟಿತ್ತು, ಆ ಇಂಜಿನ್‌ನ ಶಕ್ತಿಗೆ ಒಂದೇ ಚಕ್ರ ಸುತ್ತಿ ರಬ್ಬರ್ ಸುಡುತ್ತಿತ್ತು ಅನ್ನುವ ಕಾರಣಕ್ಕೆ. ನಮ್ಮ ಕಡೆ ರ‍್ಯಾಲಿ ಜಿಪ್ಸಿಗಳಿಗೆ ಇದನ್ನು ಹಾಕಿಸುತ್ತಿದ್ದರು, ಅಲ್ಲಿಂದ ನನ್ನಂಥ ತೋಟದವರ ಗಾಡಿಗೂ ಬಂತು.

ಈಗ ಎಣ್ಣೆ ವಿಷಯ. ಪ್ಲೇಟುಗಳು ಉಜ್ಜಬೇಕು, ಆದರೆ ನಯವಾಗಿ ಉಜ್ಜಬೇಕು. ಅದಕ್ಕೆ ಎಣ್ಣೆಯಲ್ಲಿ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ವಸ್ತು ಸೇರಿರಬೇಕು. ಅದಿಲ್ಲದ ಮಾಮೂಲಿ 90 ನಂಬರ್ ಹಾಕಿದರೆ ಪ್ಲೇಟು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. 2016ರಲ್ಲಿ ನನಗೆ ಆದದ್ದು ಅದೇ. ಸರ್ವಿಸ್ ಮಾಡಿಸಿ ಒಂದು ವಾರ ಕಳೆದಿತ್ತು. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ನಿಲ್ಲಿಸಬೇಕು. ಹಾಗೆ ತಿರುಗಿಸುವಾಗ ಹಿಂದಿನಿಂದ ಕಟಕಟ ಅಂತ ಸದ್ದು, ಸೀಟಿನ ಕೆಳಗೆ ನಡುಕ. ನೇರ ರಸ್ತೆಯಲ್ಲಿ ಏನೂ ಇಲ್ಲ. ಒಬ್ಬರು, ಆಕ್ಸಲ್‌ಗೆ ಬಲ ತರುವ ಉದ್ದ ಸರಳಿನ, ಅಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಕ್ರಾಸ್ ಹೋಗಿದೆ ಅಂದರು, ಎರಡೂ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಇನ್ನೊಬ್ಬರು ವೀಲ್ ಬೇರಿಂಗ್ ಅಂದರು, ಅದೂ ಆಯಿತು. ಹೀಗೆ ಆರು ತಿಂಗಳು, ಹನ್ನೊಂದು ಸಾವಿರ ರೂಪಾಯಿ.

ಕೊನೆಗೆ ವಿಲ್ಸನ್ ಗಾರ್ಡನ್‌ನ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಹೋದೆ. ಅವರು ಗಾಡಿಯಲ್ಲಿ ಕೂತು, ಕಟ್ ಹೊಡೆದು ಎರಡು ಸುತ್ತು ತಿರುಗಿಸಿ, ಇಳಿದು ಬಂದು ಒಂದೇ ಪ್ರಶ್ನೆ ಕೇಳಿದರು: "ಒಳಗೆ ಪ್ಲೇಟ್ ಇದೆಯಾ?" ಆಗ ನನಗೆ ಗಾಡಿ ಮಾರಿದವರ ಮಾತು ನೆನಪಾಯಿತು. ಎಣ್ಣೆ ಇಳಿಸಿದರು. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದಿ ಬಣ್ಣದ ಮೆತ್ತನೆ ಪುಡಿ ಅಂಟಿತ್ತು, ಬೆರಳಲ್ಲಿ ತಿಕ್ಕಿದರೆ ಸೀಸದ ಕಡ್ಡಿಯ ಹುಡಿ ಹಾಗೆ. "ಇಷ್ಟು ಇದ್ದರೆ ಪರವಾಗಿಲ್ಲ, ಚೂರು ಚೂರು ತುಂಡು ಬಂದಿದ್ದರೆ ಬಿಚ್ಚಬೇಕಿತ್ತು" ಅಂದರು. ಗೇರ್ ಆಯಿಲ್‌ನ ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಎರಡು ದಿನ ಕೈ ಬಿಡಲಿಲ್ಲ.

ಸರಿಯಾದ ಎಣ್ಣೆ ಹುಡುಕುವುದೇ ಒಂದು ಕೆಲಸ ಆಯಿತು. ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಕೇಳಿದೆ. ಎಲ್ಲರೂ ಅದೇ ಮಾಮೂಲಿ 90 ನಂಬರ್ ಡಬ್ಬ ಮುಂದಿಟ್ಟರು. ಐದನೆಯವರು ಮಾತ್ರ, ಮಣ್ಣು ತೆಗೆಯುವ ಯಂತ್ರಗಳ ಎಣ್ಣೆ ಮಾರುವವರ ಹತ್ತಿರ ಕೇಳಿ ನೋಡಿ ಅಂದರು. ಜೆಸಿಬಿಯಂಥ ಯಂತ್ರಗಳ ಹಿಂದಿನ ಆಕ್ಸಲ್‌ನಲ್ಲೂ ಇಂಥ ಡಿಫರೆನ್ಷಿಯಲ್ ಇರುವುದುಂಟು, ಅದಕ್ಕೆ ಎಲ್‌ಎಸ್ ಅಂತ ಬರೆದ ಎಣ್ಣೆ ಬರುತ್ತದೆ. ಹಾಗಂತ ಎಲ್‌ಎಸ್ ಅಂತ ಬರೆದದ್ದೆಲ್ಲ ನಮ್ಮ ಗಾಡಿಗೆ ಆಗುವುದಿಲ್ಲ. ಡಬ್ಬದ ಮೇಲೆ ಗೇರ್ ಎಣ್ಣೆಯ ದರ್ಜೆ ಹೇಳುವ ಜಿಎಲ್-5 ಮತ್ತು ಎಲ್‌ಎಸ್ (ಲಿಮಿಟೆಡ್ ಸ್ಲಿಪ್) ಎರಡೂ ಇರಬೇಕು, ದಪ್ಪ ನಮ್ಮ ಗಾಡಿಗೆ ಹೇಳಿದ್ದೇ ಇರಬೇಕು. ಅದು ಸಿಗದಿದ್ದರೆ ಒಳ್ಳೆ ಜಿಎಲ್-5 ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್‌ನ ಸಣ್ಣ ಬಾಟಲಿ ತಂದು, ಅದರ ಮೇಲೆ ಹೇಳಿರುವ ಅಳತೆಯಲ್ಲೇ ಸೇರಿಸಬಹುದು. ಅಳತೆ ಮೀರಿ ಹಾಕಿದರೆ ಪ್ಲೇಟು ಹಿಡಿಯುವುದೇ ಇಲ್ಲ, ಎಲ್‌ಎಸ್‌ಡಿ ಇದ್ದೂ ಇಲ್ಲದ ಹಾಗೆ. ಇನ್ನೊಂದು ಮಾತು, ಉಳಿದ ಎಣ್ಣೆ ಹಾಳು ಮಾಡುವುದು ಯಾಕೆ ಅಂತ ಗೇರ್ ಬಾಕ್ಸ್‌ಗೆ ಸುರಿಯಬೇಡಿ. ಹಳೆ ಗೇರ್ ಬಾಕ್ಸ್‌ಗಳ ಹಿತ್ತಾಳೆ ರಿಂಗ್‌ಗಳಿಗೆ ಜಿಎಲ್-4 ಬೇಕು, ಅದು ಬೇರೆ.

ಜಿಪ್ಸಿ ಹಿಂದಿನ ಆಕ್ಸಲ್‌ಗೆ ಹಿಡಿಯುವುದು ಒಂದೂವರೆ ಲೀಟರ್ ಅಷ್ಟೇ. ಹೊಸ ಎಣ್ಣೆ ಹಾಕಿದ ಮೇಲೆ ಮೇಸ್ತ್ರಿ ನನ್ನನ್ನು ಹತ್ತಿರದ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದರು. ನಿಧಾನವಾಗಿ, ಮೊದಲನೇ ಗೇರ್‌ನಲ್ಲಿ, ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ಓಡಿಸಲು ಹೇಳಿದರು. ಹಾಗೆ ತಿರುಗಿದಾಗಲೇ ಹೊಸ ಎಣ್ಣೆ ಪ್ಲೇಟುಗಳ ಸಂದಿಗೆ ಇಳಿಯುತ್ತದೆ. ಮೊದಲ ಮೂರು ಸುತ್ತು ಕಟಕಟ ಇತ್ತು. ನಾಲ್ಕನೇ ಸುತ್ತಿಗೆ ಕಡಿಮೆ ಆಯಿತು. ಏಳನೇ ಸುತ್ತಿಗೆ ಸದ್ದೇ ಇಲ್ಲ. ಆರು ತಿಂಗಳು ಕಾಡಿದ್ದು ಕಾಲು ಗಂಟೆಯಲ್ಲಿ ಹೋಯಿತು.

ಇಷ್ಟಾದ ಮೇಲೂ ನಾನು ಎಲ್‌ಎಸ್‌ಡಿ ಇದೆ ಅಂತ ಗಾಡಿಯ ಮೇಲೆ ಬರೆಸಲಿಲ್ಲ ನೋಡಿ. ಇದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

2023ರ ಆಗಸ್ಟ್. 40ರಿಂದ 50ರ ವೇಗದಲ್ಲಿ ಹಿಂದಿನಿಂದ ಗೂಂ ಅಂತ ಸದ್ದು ಶುರುವಾಯಿತು. ಮೇಸ್ತ್ರಿ ಊರಿಗೆ ಹೋಗಿದ್ದರು, ಅದಕ್ಕೆ ಮನೆ ಹತ್ತಿರದ ಒಂದು ಗ್ಯಾರೇಜಿಗೆ ಬಿಟ್ಟೆ. ಹೆಸರು ಹೇಳುವುದಿಲ್ಲ, ಯಾಕೆಂದರೆ ಅವರು ಮಾಡಿದ್ದು ಊರೆಲ್ಲ ಮಾಡುವುದನ್ನೇ. ಎಡಗಡೆಯ ಹಿಂದಿನ ಚಕ್ರ ಮಾತ್ರ ಜಾಕ್ ಮೇಲೆ ಎತ್ತಿದರು. ಒಬ್ಬ ಇಂಜಿನ್ ಶುರು ಮಾಡಿ ಎರಡನೇ ಗೇರ್ ಹಾಕಬೇಕು, ಇನ್ನೊಬ್ಬ ಕೆಳಗೆ ಮಲಗಿ ಉದ್ದದ ಸ್ಕ್ರೂಡ್ರೈವರ್ ಒಂದು ತುದಿ ಡಿಫರೆನ್ಷಿಯಲ್‌ನ ಹೊರ ಕವಚಕ್ಕೆ, ಇನ್ನೊಂದು ತುದಿ ಕಿವಿಗೆ ಇಟ್ಟು ಸದ್ದು ಎಲ್ಲಿಂದ ಅಂತ ಕೇಳಬೇಕು. ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಎತ್ತಿದ ಚಕ್ರ ಮಾತ್ರ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಇಪ್ಪತ್ತು ವರ್ಷದಿಂದ ಅವರು ಹಾಗೇ ಮಾಡಿದ್ದಾರೆ, ಏನೂ ಆಗಿಲ್ಲ.

ಆ ಹುಡುಗ ಕೆಳಗೆ ಮಲಗಿದ್ದ. 14 ನಂಬರ್ ಸ್ಪ್ಯಾನರ್ ಬೇಕು ಅಂತ ಎದ್ದು ಹೊರಗೆ ಬಂದ. ಅವನು ಬೆಂಚಿನ ಹತ್ತಿರ ಹೋಗುವಷ್ಟರಲ್ಲಿ, ಒಳಗೆ ಕೂತವನು ಅವನಿಗೆ ಕಾಯದೆ ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಟ್ಟ. ನೆಲದ ಮೇಲಿದ್ದ ಬಲಗಡೆಯ ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳಿತು. ಜಾಕ್ ಮಗುಚಿ ಹಿಂದಿನ ಗೋಡೆಗೆ ಹೊಡೆಯಿತು. ಹಿಂಭಾಗ ಧೊಪ್ಪನೆ ನೆಲಕ್ಕೆ ಬಂತು, ಗಾಡಿ ಆರು ಅಡಿ ಮುಂದೆ ಹೋಗಿ ಕಬ್ಬಿಣದ ಬೆಂಚಿಗೆ ಗುದ್ದಿ ನಿಂತಿತು. ಹುಡುಗ ಪಕ್ಕಕ್ಕೆ ಹಾರಿದ್ದ. ಅವನ ಸ್ಕ್ರೂಡ್ರೈವರ್ ಗಾಡಿ ಕೆಳಗೇ ಬಿದ್ದಿತ್ತು, ಅವನು ಮಲಗಿದ್ದ ಜಾಗದಲ್ಲಿ, ರಟ್ಟಿನ ಹಾಸಿನ ಮೇಲೆ. ಆ ರಟ್ಟನ್ನು ನಾನು ನೋಡಿದೆ. ಅದರ ಮೇಲೆ ಚಕ್ರದ ಗುರುತು ಬಿದ್ದಿತ್ತು.

ಆಗ ಪ್ಲೇಟುಗಳು ಬಹಳ ಸವೆದಿದ್ದವು ಅಂತ ಆಮೇಲೆ ಗೊತ್ತಾಯಿತು. ಸವೆದ ಎಲ್‌ಎಸ್‌ಡಿಯೇ ಇಷ್ಟು ಮಾಡಿತು. ಸಮತಟ್ಟಾದ ನೆಲದಲ್ಲಿ ಗಾಡಿ ನೂಕಲು ಜಾಸ್ತಿ ಬಲ ಬೇಡವಲ್ಲ. ಚಕ್ರ ಬ್ಯಾಲೆನ್ಸ್, ಬ್ರೇಕ್ ಪರೀಕ್ಷೆ, ಸದ್ದು ಹುಡುಕುವುದು, ಯಾವುದೇ ಇರಲಿ. ಒಂದು ಚಕ್ರ ಎತ್ತಿ ಗೇರ್ ಹಾಕುವ ಪದ್ಧತಿ ನಿಲ್ಲಬೇಕು. ಹಾಕಲೇಬೇಕಾದರೆ ಎರಡೂ ಹಿಂದಿನ ಚಕ್ರ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಗಳು ಉರುಳದ ಹಾಗೆ ಹಿಂದೆ ಮುಂದೆ ಅಡ್ಡಗಲ್ಲು ಇಟ್ಟು, ಕೆಳಗೆ ಯಾರೂ ಇಲ್ಲದಾಗ ಮಾಡಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಫೋರ್ ವೀಲ್ ಲಿವರ್ ಬಿಟ್ಟಿದೆಯಾ ಅಂತಲೂ ನೋಡಬೇಕು.

ಗಾಡಿಯಲ್ಲಿ ಎಲ್‌ಎಸ್‌ಡಿ ಇದೆಯೋ ಇಲ್ಲವೋ ಅಂತ ತಿಳಿಯಲು ಇಂಜಿನ್ ಶುರು ಮಾಡಬೇಕಿಲ್ಲ. ಎರಡೂ ಹಿಂದಿನ ಚಕ್ರ ಎತ್ತಿ, ನ್ಯೂಟ್ರಲ್‌ಗೆ ತಂದು, ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಬಹುತೇಕ ಮಾಮೂಲಿಯದು. ಅದೇ ದಿಕ್ಕಿಗೆ ತಿರುಗಿದರೆ ಒಳಗೆ ಏನೋ ಇದೆ ಅಂತ ಲೆಕ್ಕ. ಆದರೆ ಪೂರ್ತಿ ಸವೆದ ಪ್ಲೇಟುಗಳೂ, ಟಾರ್ಸೆನ್ ಥರದ ಬರೀ ಹಲ್ಲುಚಕ್ರದ ಮಾದರಿಯೂ ಉಲ್ಟಾ ತಿರುಗಬಹುದು. ಹಾಗಾಗಿ ಈ ಪರೀಕ್ಷೆ ನಂಬಿ ಒಂದು ಚಕ್ರ ಎತ್ತಿ ಗೇರ್ ಹಾಕಬೇಡಿ.

ಮೇಸ್ತ್ರಿ ಊರಿಂದ ಬಂದ ಮೇಲೆ ಡಿಫರೆನ್ಷಿಯಲ್ ಬಿಚ್ಚಿದೆವು. ನಾನೂ ಎರಡು ದಿನ ರಜೆ ಹಾಕಿ ಜೊತೆಗಿದ್ದೆ. ಜಿಪ್ಸಿಯಲ್ಲಿ ಇದು ಸುಲಭ, ಎರಡೂ ಕಡೆ ಆಕ್ಸಲ್ ಶಾಫ್ಟ್ ಹೊರಗೆಳೆದು, ಪ್ರೊಪೆಲ್ಲರ್ ಬಿಡಿಸಿದರೆ ಕ್ರೌನ್ ಪಿನಿಯನ್ (ಒಂದಕ್ಕೊಂದು ಕಚ್ಚುವ ದೊಡ್ಡ, ಸಣ್ಣ ಹಲ್ಲುಚಕ್ರ) ಸಮೇತ ಇಡೀ ಗುಂಪು ಮುಂದಿನಿಂದ ಕೈಗೆ ಬರುತ್ತದೆ. ಗೂಂ ಅನ್ನುತ್ತಿದ್ದದ್ದು ಸೈಡ್ ಬೇರಿಂಗ್, ರೋಲರ್ ಓಡುವ ಜಾಗದಲ್ಲಿ ಗುಳಿ ಬಿದ್ದಿತ್ತು. ಪ್ಲೇಟುಗಳು ಕಾದು ನೀಲಿ ಬಣ್ಣಕ್ಕೆ ತಿರುಗಿದ್ದವು. ಪ್ಲೇಟು ಕೂರುವ ಕೇಸ್ ಒಳಗೂ ಗೀರು ಬಿದ್ದಿತ್ತು, ಅದಕ್ಕೆ ಬರೀ ಪ್ಲೇಟು ಬದಲಿಸಿ ಪ್ರಯೋಜನ ಇರಲಿಲ್ಲ. ರ‍್ಯಾಲಿ ಬಿಟ್ಟ ಒಬ್ಬರಿಂದ ಅದೇ ಮಾದರಿಯ ಇನ್ನೊಂದು ಯೂನಿಟ್ ತಂದು ಹೊಸ ಪ್ಲೇಟು ಹಾಕಿದೆವು. ತರುವ ಮೊದಲು ಆಕ್ಸಲ್ ಶಾಫ್ಟ್‌ನ ಸ್ಪ್ಲೈನ್ ಹಲ್ಲು ಎಣಿಸಿಕೊಂಡು ಹೋಗಿದ್ದೆ. ಹಲ್ಲಿನ ಲೆಕ್ಕ ಬೇರೆ ಇದ್ದರೆ ಶಾಫ್ಟ್ ಒಳಗೆ ಹೋಗುವುದೇ ಇಲ್ಲ, ಕೊಟ್ಟ ದುಡ್ಡು ನೀರಲ್ಲಿ.

ಹೊಸ ಪ್ಲೇಟುಗಳನ್ನು ಒಣಗಿದ್ದ ಹಾಗೇ ಜೋಡಿಸಬಾರದು. ಮೇಸ್ತ್ರಿ ಅವನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಅದೇ ಎಲ್‌ಎಸ್ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದರು. ನಮ್ಮದೇ ಕ್ರೌನ್ ಬಿಚ್ಚಿ ಈ ಯೂನಿಟ್‌ಗೆ ಕೂರಿಸಿದೆವು. ಕ್ರೌನ್ ಪಿನಿಯನ್ ಜೋಡಿಯಾಗಿ ಒಂದಕ್ಕೊಂದು ಹೊಂದಿಸಿ ಮಾಡಿರುತ್ತಾರೆ, ಒಂದರ ಕ್ರೌನ್ ಇನ್ನೊಂದರ ಪಿನಿಯನ್‌ಗೆ ಹಾಕಬಾರದು. ಪಿನಿಯನ್ ಮುಟ್ಟದ ಕಾರಣ ಅದರ ಆಳ ಹೊಂದಿಸುವ ಕೆಲಸ ತಪ್ಪಿತು. ಆದರೆ ಹಲ್ಲುಗಳ ನಡುವಿನ ಪ್ಲೇ, ಅಂದರೆ ಸಣ್ಣ ಸಡಿಲ, ಹೊಸದಾಗಿ ಹೊಂದಿಸಲೇಬೇಕು. ಆ ಸಡಿಲ ಅಳೆಯುವ ಡಯಲ್ ಗೇಜ್ ಹಲ್ಲಿಗೆ ತಾಗಿಸಿ, ಎರಡೂ ಕಡೆಯ ಅಡ್ಜಸ್ಟರ್ ರಿಂಗನ್ನು ಒಂದೊಂದೇ ಕಚ್ಚು ತಿರುಗಿಸುತ್ತಾ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ತನಕ ಕೂತರು. ಕೊನೆಗೆ 0.15 ಮಿ.ಮೀ.ಗೆ ನಿಲ್ಲಿಸಿದರು. ಆಮೇಲೆ ಕ್ರೌನ್ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬೀಳುತ್ತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದರು. ಒಂದು ಹಲ್ಲಿನ ಅಚ್ಚು ಚೂರು ಅಂಚಿಗೆ ಬಿದ್ದಿದ್ದಕ್ಕೆ ಮತ್ತೆ ಎಲ್ಲ ಬಿಚ್ಚಿದರು. ಕ್ರೌನ್ ಮತ್ತು ಕೇಸ್ ನಡುವೆ ಕೂದಲೆಳೆಯಷ್ಟು ಕಸ ಸಿಕ್ಕಿತ್ತು. ಅರ್ಧ ದಿನದಲ್ಲಿ ಡಿಫರೆನ್ಷಿಯಲ್ ಬದಲಿಸಿಕೊಡುತ್ತೇವೆ ಅನ್ನುವವರನ್ನು ನಾನು ಈಗ ನಂಬುವುದಿಲ್ಲ.

ಮುಂದೆ ಪ್ಲೇಟು ಎಷ್ಟು ಸವೆದಿದೆ ಅಂತ ಬಿಚ್ಚದೆ ನೋಡಲು ಒಂದು ಸಾಧನ ಮಾಡಿಸಿದ್ದೇನೆ. ಐದು ತೂತಿನ ಒಂದು ಕಬ್ಬಿಣದ ತಟ್ಟೆ, ನಡುವೆ ಒಂದು ದೊಡ್ಡ ನಟ್ ವೆಲ್ಡ್ ಮಾಡಿಸಿದ್ದು. ಒಂದು ಚಕ್ರ ಬಿಚ್ಚಿ ಆ ತಟ್ಟೆಯನ್ನು ಬೋಲ್ಟಿಗೆ ಕೂರಿಸುವುದು, ಇನ್ನೊಂದು ಚಕ್ರ ನೆಲದ ಮೇಲೆ, ಬೇರೆ ಚಕ್ರಗಳಿಗೆ ಅಡ್ಡಗಲ್ಲು, ಗೇರ್ ನ್ಯೂಟ್ರಲ್, ಇಂಜಿನ್ ಬಂದ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ತಿರುಗಿಸುವ ಬಲ ಅಳೆಯುವ ಟಾರ್ಕ್ ರೆಂಚ್ ಹಾಕಿ ನಿಧಾನವಾಗಿ ಎಳೆದಾಗ ಎಷ್ಟಕ್ಕೆ ಜಾರುತ್ತದೆ ಅಂತ ಬರೆದಿಡುತ್ತೇನೆ. ಎಲ್‌ಎಸ್‌ಡಿ ಮಾಡಿದವರು ಕೊಟ್ಟ ಅಂಕಿಗಿಂತ ತೀರಾ ಕೆಳಗೆ ಹೋದರೆ ಪ್ಲೇಟು ಮುಗಿದಿದೆ ಅಂತ ಅರ್ಥ. ಎಣ್ಣೆಯನ್ನು ಮೊದಲ 800 ಕಿ.ಮೀ.ಗೇ ಬದಲಿಸಿದೆವು, ಹೊಸ ಪ್ಲೇಟಿನ ಪುಡಿ ಅದರಲ್ಲಿ ಇರುತ್ತದೆ. ಹಿಂದಿನ ಎರಡೂ ಟೈರ್ ಒಂದೇ ಅಳತೆ, ಒಂದೇ ಸವೆತ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ನೇರ ರಸ್ತೆಯಲ್ಲೂ ಪ್ಲೇಟು ಉಜ್ಜುತ್ತಲೇ ಇರುತ್ತದೆ. ಮಳೆಯಲ್ಲಿ ನೈಸ್ ರಸ್ತೆಯಂಥ ಕಡೆ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇಡಿ. ಎರಡೂ ಹಿಂದಿನ ಚಕ್ರ ಒಟ್ಟಿಗೆ ಜಾರಿದರೆ ಜಿಪ್ಸಿಯಂಥ ಗಿಡ್ಡ ಗಾಡಿಯ ಹಿಂಭಾಗ ಅಡ್ಡ ಬರುತ್ತದೆ.

ಸಂಪಾದಕರೇ, ನನ್ನ ಕೋರಿಕೆ ಎರಡು. ಆ 90 ನಂಬರ್ ಸಾಲಿಗೆ ಅದೇ ವಾಹನ ಪುಟದಲ್ಲಿ ತಿದ್ದುಪಡಿ ಹಾಕಿ. ಗಾಡಿಯಲ್ಲಿ ಎಲ್‌ಎಸ್‌ಡಿ ಇದ್ದರೆ ಎಣ್ಣೆ ಬೇರೆ, ಎತ್ತುವ ವಿಧಾನ ಬೇರೆ ಅಂತ ಎರಡು ಸಾಲು ಸಾಕು. ಇನ್ನೊಂದು, ಹಳೆ ಗಾಡಿ ಕೊಳ್ಳುವ, ಮಾರುವ ಓದುಗರಿಗೆ ಇದನ್ನು ಗಾಡಿಯ ಮೇಲೇ ಬರೆಸಲು ಹೇಳಿ. ನಾನು ಈಗ ಮೂರು ಕಡೆ ಬರೆಸಿದ್ದೇನೆ, ಜಾಕ್ ಇಡುವ ಜಾಗದ ಹತ್ತಿರ, ಆಕ್ಸಲ್‌ನ ಎಣ್ಣೆ ತುಂಬುವ ಪ್ಲಗ್ ಮೇಲ್ಗಡೆ, ಮತ್ತು ಸ್ಟೆಪ್ನಿ ಮೇಲೆ. ಪಂಕ್ಚರ್ ಹಾಕುವವರ ಕಣ್ಣಿಗೂ ಬೀಳಲಿ ಅಂತ. ಹಳದಿ ಬಣ್ಣದಲ್ಲಿ, ಕನ್ನಡದಲ್ಲಿ: "ಹಿಂದೆ ಎಲ್‌ಎಸ್‌ಡಿ ಇದೆ. ಒಂದು ಚಕ್ರ ಎತ್ತಿ ಗೇರ್ ಹಾಕಬೇಡಿ. ಜಿಎಲ್-5 ಎಲ್‌ಎಸ್ ಎಣ್ಣೆ ಮಾತ್ರ, ಒಂದೂವರೆ ಲೀಟರ್." ಬರೆಸಲು ಮುನ್ನೂರು ರೂಪಾಯಿ ಆಯಿತು.

ಬಿಚ್ಚಿದ ಹಳೆ ಯೂನಿಟ್, ನೀಲಿಯಾದ ಪ್ಲೇಟುಗಳ ಸಮೇತ, ತೊಳೆದು ಮನೆಯಲ್ಲಿ ಇಟ್ಟಿದ್ದೇನೆ. ಯಾವುದಾದರೂ ಐಟಿಐನ ಮೋಟಾರ್ ಮೆಕ್ಯಾನಿಕ್ ಮಕ್ಕಳಿಗೆ ಬಿಚ್ಚಿ ಜೋಡಿಸಿ ಕಲಿಯಲು ಬೇಕಿದ್ದರೆ ನಿಮ್ಮ ಕಚೇರಿಗೆ ಒಂದು ಮಾತು ತಿಳಿಸಲಿ, ನಾನೇ ತಂದುಕೊಡುತ್ತೇನೆ.

ಇತಿ,
ನಿಮ್ಮ ಓದುಗ
ಗಿರಿನಗರ, ಬೆಂಗಳೂರು